ಶ್ರವಣಯಂತ್ರದ ಬೀಗ

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ದೂರು ಬಂತು. ಶ್ರವಣಯಂತ್ರ ತಯಾರಿಸುವ ಕಂಪನಿಯ ಮ್ಯಾನೇಜರ್ ಖುದ್ದಾಗಿ ಬಂದಿದ್ದ. ಯಂತ್ರವನ್ನು ಕಿವಿಗೆ ತಕ್ಕಂತೆ ಹೊಂದಿಸುವ ಸಾಫ್ಟ್‌ವೇರಿನ ಬೀಗ ಮುರಿದು, ಬಸ್ ನಿಲ್ದಾಣದ ಹಿಂದಿನ ರಿಪೇರಿ ಅಂಗಡಿಯಲ್ಲಿ ಬಳಸುತ್ತಿದ್ದಾರಂತೆ.

"ನಮ್ಮ ಹುಡುಗರು ವರ್ಷಗಟ್ಟಲೆ ನಿದ್ದೆಗೆಟ್ಟು ಬರೆದಿದ್ದು ಸಾರ್. ಅವರೂ ಹೊಟ್ಟೆಗೆ ತಿನ್ನಬೇಕಲ್ಲ."

ಅದೂ ನಿಜವೇ ಅನ್ನಿಸಿತು ಇನ್ಸ್‌ಪೆಕ್ಟರಿಗೆ. ಕೃತಿಸ್ವಾಮ್ಯ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು.

ಕಳ್ಳಪ್ರತಿ ಬಳಸುತ್ತಿರುವಾಗಲೇ ಹಿಡಿಯಬೇಕು. ಗಿರಾಕಿಯಾಗಿ ಹೋಗಲು ಹೆಡ್ ಕಾನ್ಸ್‌ಟೇಬಲ್ ಗುಡುಗಪ್ಪ ಒಪ್ಪಿದ. ಅದು ಅಡ್ಡಹೆಸರು. ಕಿವಿ ಕೇಳದ ಅಪ್ಪನೊಂದಿಗೆ ಕೂಗಿ ಕೂಗಿ ದನಿ ಎಷ್ಟು ದೊಡ್ಡದಾಗಿತ್ತೆಂದರೆ, ಅವನು ಗುಟ್ಟು ಹೇಳಿದರೂ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಅಪ್ಪನ ಹಳೆಯ ಯಂತ್ರವನ್ನು ಇನ್ನು ಹೊಂದಿಸುವುದಿಲ್ಲ, ಹೊಸದು ಕೊಳ್ಳಿ ಎಂದು ಇದೇ ಕಂಪನಿ ಕೈತೊಳೆದುಕೊಂಡಿತ್ತು.

ಮಧ್ಯಾಹ್ನ ಅಪ್ಪ ಮಗ ಅಂಗಡಿಯಲ್ಲಿ ಕೂತರು. ಇನ್ಸ್‌ಪೆಕ್ಟರ್ ಮಫ್ತಿಯಲ್ಲಿ ಬಾಗಿಲ ಬಳಿಯ ಬೆಂಚಿನ ಮೇಲೆ. ಅಂಗಡಿಯಾಕೆ ಯಂತ್ರಕ್ಕೆ ಕಂಪ್ಯೂಟರಿನ ತಂತಿ ಸಿಕ್ಕಿಸಿ ಅಪ್ಪನ ಕಿವಿಗಿಟ್ಟಳು.

"ಕಂಪನಿಯವ್ರ ಪರೀಕ್ಷೆಯ ಪೀಂ ಪೀಂ ಸದ್ದು ಕೇಳ್ಕೊಂಡು ಯಾರು ಬದುಕ್ತಾರೆ? ಮನೆಯವರ ದನಿಗೇ ನಾನು ಹೊಂದಿಸೋದು. ಮಾತಾಡಿ ಅಣ್ಣಾ. ಮೆಲ್ಲಗೆ."

ಗುಡುಗಪ್ಪ ತಬ್ಬಿಬ್ಬಾದ. ಮೆಲ್ಲಗೆ ಏನು ಮಾತಾಡುವುದೆಂದೇ ಪಾಪ ಅವನಿಗೆ ಮರೆತುಹೋಗಿತ್ತು. "ಅಪ್ಪಾ... ಊಟ ಸಾಕಾಯ್ತಾ?"

"ಆಯ್ತು ಕಣೋ," ಎಂದ ಮುದುಕ ಮಗನ ಮುಖವನ್ನೇ ನೋಡಿದ. "ನಿನ್ನ ದನಿಗೂ ವಯಸ್ಸಾಗಿದೆಯಲ್ಲೋ ಮಗನೇ."

ಕರ್ಚೀಫ್ ತೆಗೆದು ಇನ್ಸ್‌ಪೆಕ್ಟರಿಗೆ ಸನ್ನೆ ಮಾಡಬೇಕಿದ್ದ ಗುಡುಗಪ್ಪ ಅದರಲ್ಲಿ ಕಣ್ಣೊರೆಸಿಕೊಂಡ. ಆದರೂ ಇನ್ಸ್‌ಪೆಕ್ಟರ್ ಎದ್ದರು.

ಪಂಚನಾಮೆ ನಡೆಯಿತು. ಕಂಪ್ಯೂಟರ್ ಜಪ್ತಿಯಾಯಿತು. "ಕಿವೀಲಿರೋದನ್ನೂ ತಗೊಳ್ಳಿ ಸಾರ್, ಅದೂ ಸಾಕ್ಷಿ," ಎಂದ ಅಷ್ಟರಲ್ಲಿ ಅಲ್ಲಿಗೆ ಬಂದಿದ್ದ ಮ್ಯಾನೇಜರ್.

"ಯಂತ್ರ ಈ ಯಜಮಾನ್ರದ್ದು, ಕಾಸು ಕೊಟ್ಟು ಕೊಂಡಿದ್ದು. ಕೇಸಿಗೆ ಕಂಪ್ಯೂಟರ್ ಸಾಕು," ಎಂದರು ಇನ್ಸ್‌ಪೆಕ್ಟರ್.

"ಇದಕ್ಕೆ ಎಷ್ಟು ಶಿಕ್ಷೆ ಸಾರ್?" ಗುಡುಗಪ್ಪ ಕೇಳಿದ.

"ಮೂರು ವರ್ಷದವರೆಗೂ ಆಗಬಹುದು."

"ಹೊಡೆದಾಡಿ ತಲೆ ಒಡೆದವನೂ ಅಷ್ಟರೊಳಗೆ ಹೊರಗೆ ಬರ್ತಾನಲ್ಲ ಸಾರ್."

ಇನ್ಸ್‌ಪೆಕ್ಟರ್ ಬಂಧನದ ಕಾಗದಕ್ಕೆ ಅಂಗಡಿಯಾಕೆಯ ಸಹಿ ಹಾಕಿಸಿಕೊಂಡು, "ಯಾಕಮ್ಮಾ ಇದಕ್ಕೆ ಕೈ ಹಾಕಿದ್ರಿ?" ಎಂದರು.

"ನಮ್ಮಮ್ಮನ ಯಂತ್ರಾನೂ ಹೀಗೇ ಮೂಲೆ ಸೇರಿತ್ತು. ನಾನು ಬೀಗ ತೆಗೆಯೋದು ಕಲಿಯೋಷ್ಟರಲ್ಲಿ ಅವಳೇ ಹೋದ್ಲು. ಕಲಿತಿದ್ದು ಹಾಗೇ ಉಳೀತು ಸಾರ್."

ಅಷ್ಟು ಮೆಲುದನಿಯೂ ಮುದುಕನಿಗೆ ಕೇಳಿಸಿತು. ಕೋಲೂರಿ ಬಂದು ಅವಳ ಪಕ್ಕದಲ್ಲೇ ಜೀಪು ಹತ್ತಿ ಕೂತ.

"ನೀನೆಲ್ಲಿಗಪ್ಪಾ?" ಎಂದ ಮಗ.

"ಜಾಮೀನಿಗೆ ಯಾರಾದ್ರೂ ಬೇಕಲ್ಲೋ. ನಡಿ."