ಕೇಳದೆ ಕೊಟ್ಟ ಹೆಸರು

"ಮೊದ್ಲು ಬೆರಳು ತೆಗಿರಿ!"

ಹಿಂದಿನಿಂದ ಬಂದ ದನಿಗೆ ರೋಜಾ ಬೆಚ್ಚಿದಳು. ಮೇಜಿನ ಮೇಲಿದ್ದ ಏರ್ ರೈಫಲ್ ಕಂಡು ತಡೆಯಲಾಗದೆ ಕೈಗೆತ್ತಿಕೊಂಡಿದ್ದಳು ಅಷ್ಟೇ. ಆ ಹಳೆಯ ಶೇಂಗಾ ಗೋದಾಮಿನ ಇನ್ನೊಂದು ತುದಿಯಿಂದ ಒಬ್ಬ ಯುವಕ ದಡದಡನೆ ಬರುತ್ತಿದ್ದ. ಕೈಯಲ್ಲಿ ಬಣ್ಣದ ಬ್ರಷ್, ಕೆನ್ನೆಯ ಮೇಲೆ ಸುಣ್ಣದಂಥ ಬಿಳಿ ಗೆರೆ.

"ನೀವ್ಯಾರ್ರಿ ಹೇಳಾಕ? ಕೋಚ್ ಸರ್ ಬರ್ಲಿ, ಅವ್ರನ್ನ ಕೇಳ್ತೀನಿ," ಎಂದಳು.

ಅವನು ಬಂದೂಕನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡ. ನಳಿಗೆಯನ್ನು ಖಾಲಿ ಗೋಡೆಯತ್ತ ತಿರುಗಿಸಿ, ಪಕ್ಕದ ಲಿವರ್ ಎಳೆದು ತೆರೆದು, ಒಳಗೆ ಗುಂಡಿಲ್ಲವೆಂದು ತಾನು ನೋಡಿ ಅವಳಿಗೂ ತೋರಿಸಿದ.

"ಕೋಚ್ ಸರ್ ಬಂದಾರ. ಕೇಳ್ರಿ."

ರೋಜಾಳ ಮುಖ ಕೆಂಪಾಯಿತು. ಅವನು ನಗು ತಡೆಯಲು ತುಟಿ ಕಚ್ಚಿಕೊಂಡ. ತಡೆಯಲಾಗಲಿಲ್ಲ.

ಅವನ ಹೆಸರು ಅರುಣಕುಮಾರ್. ಹರಪನಹಳ್ಳಿಯ ವ್ಯಾಪಾರಸ್ಥ ಹಾಲೇಶಪ್ಪನವರ ತಮ್ಮನ ಮಗ. ರಾಜ್ಯಮಟ್ಟದಲ್ಲಿ ಪದಕ ಗೆದ್ದು ಬಂದಮೇಲೆ ದೊಡ್ಡಪ್ಪನನ್ನು ಕಾಡಿ ಬೇಡಿ ಈ ಗೋದಾಮಿನಲ್ಲಿ ಶೂಟಿಂಗ್ ಕ್ಲಬ್ ತೆರೆದಿದ್ದ. ರೋಜಾ ಚಿಗಟೇರಿಯವಳು, ಡಿಗ್ರಿಯ ಕೊನೆಯ ವರ್ಷ. ಎನ್‌ಸಿಸಿ ಕ್ಯಾಂಪಿನಲ್ಲಿ ಒಮ್ಮೆ ಗುರಿಯಿಟ್ಟು ಹೊಡೆದಮೇಲೆ ಅವಳಿಗೆ ಬೇರೆ ಯಾವುದರ ಮೇಲೂ ಮನಸ್ಸು ನಿಂತಿರಲಿಲ್ಲ. ಅಪ್ಪ ಪಾಲಾಕ್ಷಪ್ಪ ಕುರಿ ಸಾಕುವವನು. "ಬಂದೂಕು ಹಿಡದು ಏನ್ ಮಾಡ್ತೀಯವ್ವ?" ಎಂದು ಕೇಳಿದ್ದ. ಕೇಳಿಯೂ ಬಸ್ಸಿನವರೆಗೆ ಬಿಡಲು ಬಂದಿದ್ದ.

ಮೊದಮೊದಲು ಅರುಣ ಅವಳಿಗೆ ಗುಂಡನ್ನೇ ಕೊಡಲಿಲ್ಲ. ಬರೀ ನಿಲ್ಲುವುದು, ಎತ್ತುವುದು, ಇಳಿಸುವುದು.

"ಖಾಲಿ ಐತಿ ಅಂತ ಗೊತ್ತಿದ್ರೂ ತುಂಬೈತಿ ಅಂತನಾ ತಿಳಿಬೇಕು. ಮುಂದ ಯಾರಾದ್ರೂ ಇದ್ರ ಮುಟ್ಟಾಕೂ ಹೋಗಬಾರ್ದು. ಹೊಡಿಯೋತನಕ ಬೆರಳು ಹೊರಗಾ."

"ಮತ್ತ ಹೊಡಿಯೋದು ಯಾವಾಗ್ರಿ ಸರ್?"

"ನಿಮಗ ಅವಸರ ಹೋದಮ್ಯಾಲೆ."

ಅವಸರ ಹೋಗಲಿಲ್ಲ, ಆದರೆ ಗುಂಡು ಸಿಕ್ಕಿತು. ಎಡಮೊಣಕೈಯನ್ನು ಸೊಂಟದ ಮೂಳೆಗೆ ಊರಿ, ಕೆನ್ನೆಯನ್ನು ಮರದ ಹಿಡಿಗೆ ಒತ್ತಿ ನಿಲ್ಲುತ್ತಿದ್ದಳು. ಅವನು ಪಕ್ಕದಲ್ಲಿ ನಿಂತು ಪಿಸುಮಾತಿನಲ್ಲಿ ಹೇಳುತ್ತಿದ್ದ: "ಉಸಿರು ಅರ್ಧ ಬಿಡ್ರಿ. ಅಲ್ಲೇ ನಿಲ್ಸ್ರಿ. ಬೆರಳಿಗೇ ಗೊತ್ತಾಗದಂಗ ಒತ್ರಿ."

ಉಸಿರು ನಿಲ್ಲಿಸಲು ಅವಳಿಗೆ ಕಷ್ಟವಾಗುತ್ತಿರಲಿಲ್ಲ. ಅವನು ಹತ್ತಿರ ಬಂದಾಗ ಅದು ತಾನೇ ನಿಲ್ಲುತ್ತಿತ್ತು.

"ನಿಮ್ಮ ಕಣ್ಣು ಗುರಿ ರಿಂಗಿನ ಕಡಿ ಇಲ್ಲ," ಎಂದ ಒಂದು ಸಂಜೆ.

"ನಿಮಗ ಹೆಂಗ ಗೊತ್ತಾತು? ನೀವೂ ಗುರಿ ನೋಡಾಕತ್ತಿಲ್ಲ ಅಂದಂಗಾತು."

ಅವನ ಕಿವಿ ಕೆಂಪಾದದ್ದನ್ನು ರೋಜಾ ಓರೆಗಣ್ಣಿನಿಂದ ನೋಡಿದಳು. ಆ ದಿನದ ಮುಂದಿನ ಗುಂಡು ಗುರಿಯ ನಟ್ಟನಡುವೆ, ಹತ್ತು ಅಂಕದ ಚುಕ್ಕಿಗೆ ನೇರ ಬಿತ್ತು.

ಆಮೇಲೆ ಸರ್ ಹೋಗಿ ಅರುಣ ಆದ, ನೀವು ಹೋಗಿ ನೀನಾಯಿತು. ಬಸ್ ನಿಲ್ದಾಣದ ಹತ್ತಿರ ಮಂಡಕ್ಕಿ ಮಿರ್ಚಿ ತಿನ್ನುವಾಗ ಖಾರಕ್ಕೆ ಅವಳ ಕಣ್ಣಲ್ಲಿ ನೀರು ಬಂದರೆ ಅವನು ತನ್ನ ಕರ್ಚೀಫು ಕೊಡುವನು. ಅವಳು ಅದನ್ನು ವಾಪಸು ಕೊಡುವುದನ್ನು ಬೇಕೆಂದೇ ಮರೆಯುವಳು.

"ದಾವಣಗೆರೆ ಕಾಂಪಿಟೇಶನ್ ಮುಗೀಲಿ, ನಿಮ್ಮಪ್ಪನ ಹತ್ರ ಬಂದು ಮಾತಾಡ್ತೀನಿ," ಎಂದ.

"ನಮ್ಮಪ್ಪ ಕುರಿ ಬಿಟ್ಟು ಬೇರೆ ಏನೂ ಮಾತಾಡಲ್ಲ."

"ಹಂಗಾರ ಕುರಿಯಿಂದನಾ ಶುರು ಮಾಡ್ತೀನಿ ಬಿಡು."

ಅವಳು ನಕ್ಕಳು. ಆ ರಾತ್ರಿ ಮನೆಯಲ್ಲಿ ಕುರಿಗಳ ಬಗ್ಗೆ ಅಪ್ಪನನ್ನು ಏನೇನೋ ಕೇಳಿದಳು. ಅಪ್ಪನಿಗೆ ಆಶ್ಚರ್ಯ.

ಸ್ಪರ್ಧೆಗೆ ಕೆಲವೇ ದಿನ ಉಳಿದಿದ್ದವು. ಅಂದು ಅವಳು ಹೊಡೆದದ್ದೆಲ್ಲ ಒಂದೇ ಕಡೆ ಕೂತಿತ್ತು. ಉಳಿದ ಹುಡುಗರು ಹೋಗಿದ್ದರು. ರೋಜಾ ಹಿಂದಿನ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಾಗ ಒಳಗೆ ಟಪ್ಪೆಂದು ಸದ್ದಾಯಿತು. ಹಿಂದೆಯೇ ಒಂದು ಚೀರಾಟ.

ಓಡಿ ಬಂದಳು. ಗೋದಾಮು ಗುಡಿಸುವ ಹಂಪಕ್ಕ ಗುರಿಯ ಹಲಗೆಯ ಕೆಳಗೆ ಕುಸಿದಿದ್ದಳು. ದಿನಾ ಸಂಜೆ ಗುರಿಯ ಕಾಗದ ಬಿಚ್ಚಿಡುವುದು ಅವಳದೇ ಕೆಲಸ. ಈ ಕಡೆ ಬೆನ್ನು ಮಾಡಿ, ಬಿಚ್ಚಲು ಕೈ ಚಾಚಿದ್ದಾಳೆ. ಗುಂಡು ಹೆಬ್ಬೆರಳಿನ ಬುಡದಲ್ಲಿ ಹೊಕ್ಕಿತ್ತು. ಈ ತುದಿಯಲ್ಲಿ ಅರುಣ ನಿಂತಿದ್ದ. ರೈಫಲ್ ಇನ್ನೂ ಅವನ ಭುಜಕ್ಕೇ ಇತ್ತು.

"ಕೆಳಗಿಡು ಅರುಣ! ಗಾಡಿ ತಗೊಂಡ್ಬಾ!" ರೋಜಾ ತನ್ನ ವೇಲನ್ನು ಹರಿದು ಹಂಪಕ್ಕನ ಕೈಗೆ ಬಿಗಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಗುಂಡು ತೆಗೆದರು. ಬಂದೂಕಿನ ಗಾಯವೆಂದು ಪೊಲೀಸರಿಗೆ ಸುದ್ದಿ ಹೋಯಿತು. ಹಾಲೇಶಪ್ಪನವರೂ ಬಂದರು. ಪೇದೆ ಕಾರಿಡಾರಿನಲ್ಲಿ ನಿಂತು ಕೇಳಿದ, "ಯಾರು ಹೊಡದದ್ದು?"

ರೋಜಾ ಅರುಣನ ಕಡೆ ನೋಡಿದಳು. ಹೆದರಿದ್ದಾನೆ ಪಾಪ, ಕೈ ಹಿಡಿಯಲೇ ಎನ್ನಿಸಿತು.

"ಕಲಿಯೋ ಹುಡುಗಿ ಸರ್," ಎಂದ ಅರುಣ. "ರೋಜಾ ಅಂತ. ಬೇಕಂತ ಮಾಡಿದ್ದಲ್ಲ. ಕೈ ತಪ್ಪೈತಿ."

ಬೇರೆ ಯಾವಳೋ ರೋಜಾ ಇರಬೇಕು ಎಂದು ಒಂದು ಗಳಿಗೆ ಅವಳಿಗೆ ನಿಜಕ್ಕೂ ಅನ್ನಿಸಿತು. ಅವನು ತಿರುಗಿ ಅವಳನ್ನು ನೋಡಿದ. ಅದೇ ಕಣ್ಣು, ಅದೇ ಮೆದು ನೋಟ, ಈಗ ಬೇಡುತ್ತಿತ್ತು. ಅವಳು ಹೂಂ ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ.

ಮರುದಿನ ಠಾಣೆಗೆ ಅಪ್ಪನನ್ನು ಕರೆಸಿದರು. ಹಂಪಕ್ಕ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದಳು. ಪಾಲಾಕ್ಷಪ್ಪ ತಲೆಯ ಮೇಲಿನ ಟವೆಲ್ ತೆಗೆದು, ಬಗ್ಗಿ, ಅವಳ ಕಾಲು ಮುಟ್ಟಿದ.

"ನಮ್ಮ ಹುಡುಗಿ ತಪ್ಪು ಮಾಡ್ಯಾಳ ತಾಯಿ. ತಿಳುವಳಿಕಿ ಇಲ್ಲ. ಹೊಟ್ಯಾಗ ಹಾಕ್ಕೋ."

ಬಾಗಿಲ ಬಳಿ ಅರುಣ ನಿಂತಿದ್ದ. ಎಲ್ಲ ನೋಡಿದ. ಒಂದು ಮಾತು ಆಡಲಿಲ್ಲ.

ಸ್ಪರ್ಧೆಯ ಪಟ್ಟಿಯಿಂದ ರೋಜಾಳ ಹೆಸರು ಹೋಯಿತು. ವಾರ ಕಳೆದಮೇಲೆ ಅರುಣ ಚಿಗಟೇರಿಗೆ ಬಂದ. ಅವಳು ಹೊಲದ ಕುರಿಹಟ್ಟಿಯಲ್ಲಿ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು.

"ರೋಜಾ, ಒಂದು ಮಾತು ಕೇಳು. ಕೋಚೇ ಹೊಡದಾನ ಅಂದ್ರ ಕ್ಲಬ್ ಮುಚ್ತಾರ. ದೊಡ್ಡಪ್ಪ ಮನಿಯೊಳಗ ಸೇರಿಸಲ್ಲ. ನೀ ಕಲಿಯೋಳು, ನಿಂಗ ಯಾರೂ ಏನೂ ಮಾಡಲ್ಲ. ಮದುವಿ ಆದಮ್ಯಾಲೆ ಇದನ್ನೆಲ್ಲ ಯಾರು ನೆನಪಿಟ್ಕೊಂತಾರ?"

"ಯಾಕ ಹೊಡದಿ ಅವತ್ತು?"

ಅವನು ತಲೆ ತಗ್ಗಿಸಿದ. "ನೀ ಹೊಡದ ಹತ್ತರ ಚುಕ್ಕಿ ಪಕ್ಕ ನಂದೊಂದು ತೂತು ಇರ್ಲಿ ಅಂತ. ಆ ಕಾಗದ ನಿಂಗ ಕೊಡಬೇಕಂತಿದ್ದೆ. ಅದನ್ನ ಬಿಟ್ಟು ಬ್ಯಾರೆ ಏನೂ ಕಾಣ್ಲಿಲ್ಲ."

ಅದು ಸುಳ್ಳಲ್ಲವೆಂದು ಅವಳಿಗೆ ಗೊತ್ತಾಯಿತು. ಅದರಿಂದಲೇ ಎದೆ ಇನ್ನಷ್ಟು ಉರಿಯಿತು.

"ನನ್ನನ್ನ ಒಂದ್ಮಾತು ಕೇಳಿದ್ದಿದ್ರ, ನಾನಾ ಹೊಡದೀನಿ ಅಂತ ನಾನಾ ಹೇಳ್ತಿದ್ದೆ ಅರುಣ. ಆವತ್ತು ನಿನ್ನ ಮ್ಯಾಲೆ ಅಷ್ಟು ಜೀವ ಇತ್ತು. ನೀ ಕೇಳಲಿಲ್ಲ. ನನ್ನ ಹೆಸರು ಎತ್ತಿ ಕೊಟ್ಟಿ. ನಮ್ಮಪ್ಪ ಕಾಲು ಹಿಡಿಯೋವಾಗ್ಲೂ ಸುಮ್ಮನಿದ್ದಿ."

"ಏನು ಮಾಡ್ಲಿ ಹೇಳು."

"ಅದನ್ನೂ ನಾನಾ ಹೇಳಬೇಕಾ?"

ಅವನು ಹೋದ. ರೋಜಾ ಮೂರು ದಿನ ಕಾದಳು. ಅವನೇ ಹೇಳುತ್ತಾನೆ, ಇವತ್ತು ಹೇಳುತ್ತಾನೆ ಎಂದು ಫೋನ್ ಸದ್ದಾದಾಗಲೆಲ್ಲ ಓಡಿದಳು. ಕೊನೆಗೆ ಬಸ್ಸು ಹತ್ತಿ ನೇರ ಹಂಪಕ್ಕನ ಮನೆಗೆ ಹೋದಳು. ಹೊಸ್ತಿಲಲ್ಲೇ ನಿಂತು ಎಲ್ಲ ಹೇಳಿದಳು.

ಹಂಪಕ್ಕ ಗೋಡೆಯ ಗೂಡಿನ ಕಡೆ ತಿರುಗಿದಳು. ಅದರಲ್ಲಿ ಸೇಬು, ಮೋಸಂಬಿ ಸಾಲಾಗಿದ್ದವು.

"ಆ ಹುಡುಗ ದಿನಾ ಬಂದು ಹಣ್ಣು ಇಟ್ಟು ಹೋಗ್ತಾನ," ಎಂದಳು. "ಎಂಥಾ ಬಂಗಾರದಂಥ ಹುಡುಗ ಅಂತಿದ್ದೆ. ಯಾರು ಹೊಡದ್ರು ಅಂತ ನಾ ತಿರುಗಿ ನೋಡಿರ್ಲಿಲ್ಲ, ನಿನ್ನನ್ನ ಬಾಯಿಗೆ ಬಂದಂಗ ಬೈದೀನವ್ವ. ಮತ್ತ ನೀ ಯಾಕ ಸುಮ್ಮನಿದ್ದಿ?"

"ಅವನೇ ಹೇಳ್ತಾನ ಅಂತ."

ಹಂಪಕ್ಕ ಅವಳ ಮುಖವನ್ನೇ ನೋಡಿದಳು. ಎಲ್ಲ ಅರ್ಥವಾಗಿರಬೇಕು. ಸೆರಗು ಹೊದ್ದು ಎದ್ದಳು. "ನಡಿ, ಠಾಣೆಗೆ ಹೋಗೋಣು. ನಿಮ್ಮಪ್ಪನ್ನೂ ಕರಿ. ಅವತ್ತು ಅವ ಬಗ್ಗಿದ್ದು ನನಗಾ ನೋಡಾಕ ಆಗಿರ್ಲಿಲ್ಲ."

ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಅರುಣನನ್ನು ಕರೆಸಿ ಒಂದೇ ಸಲ ಕೇಳಿದರು. ಹಂಪಕ್ಕನ ಬ್ಯಾಂಡೇಜು, ಪಾಲಾಕ್ಷಪ್ಪನ ಮುಖ ಎರಡನ್ನೂ ನೋಡಿ ಅವನು ಹೌದೆಂದ. ರೋಜಾಳನ್ನು ಮಾತ್ರ ನೋಡಲಿಲ್ಲ. ಹಾಲೇಶಪ್ಪನವರು ಅಂದೇ ಗೋದಾಮಿಗೆ ಬೀಗ ಹಾಕಿಸಿದರು.

ಹೊರಗೆ ಬಂದಮೇಲೆ ಪಾಲಾಕ್ಷಪ್ಪ ಮಗಳನ್ನು ಕೇಳಿದ, "ಆ ಹುಡುಗನ ಮ್ಯಾಲೆ ಮನಸ್ಸು ಇತ್ತೇನವ್ವ?"

ಅವಳು ಅಪ್ಪನ ಭುಜಕ್ಕೆ ಹಣೆಯಿಟ್ಟು ನಡುರಸ್ತೆಯಲ್ಲೇ ಅತ್ತಳು. ಅವನು ಟವೆಲ್ಲಿನ ತುದಿಯಿಂದ ಅವಳ ಕಣ್ಣೊರೆಸಿದ.

ಮಳೆಗಾಲ ಮುಗಿಯುವ ಹೊತ್ತಿಗೆ ರೋಜಾಳಿಗೆ ದಾವಣಗೆರೆಯ ಒಂದು ಕ್ಲಬ್ಬಿನಲ್ಲಿ ಅಭ್ಯಾಸಕ್ಕೆ ಜಾಗ ಸಿಕ್ಕಿತು. ಹೊರಟ ದಿನ ಹರಪನಹಳ್ಳಿ ನಿಲ್ದಾಣದಲ್ಲಿ ಅರುಣ ಕಾದಿದ್ದ. ಸೊರಗಿದ್ದ. ಗಡ್ಡ ಬೆಳೆದಿತ್ತು.

"ನಿಂಗ ಮುಖ ತೋರ್ಸಾಕ ನಾಚಿಕಿ ಆಗ್ತತಿ. ಆದ್ರೂ ಬಂದೆ," ಎಂದ. "ನನ್ನ ಮ್ಯಾಲಿನ ಪ್ರೀತಿ ಪೂರಾ ಹೋತೇನು?"

"ಹೋಗಿದ್ರ ಇಲ್ಲಿ ನಿಂತು ನಿನ್ನ ಜೊತಿ ಮಾತಾಡ್ತಿದ್ನಾ?"

ಅವನ ಕಣ್ಣು ಮಿನುಗಿತು. ಆ ಮಿನುಗನ್ನು ಕಂಡು ಅವಳಿಗೆ ಮಾತು ಮುಂದುವರಿಸುವುದೇ ಕಷ್ಟವಾಯಿತು.

"ಪ್ರೀತಿ ಐತಿ ಅರುಣ. ಆದ್ರ ಮುಂದ ಮನ್ಯಾಗ ಏನಾರ ಒಂದು ತಪ್ಪಾತು ಅಂದ್ರ, ನಾ ಮೊದ್ಲು ನಿನ್ನ ಮಾರಿ ನೋಡ್ತೀನಿ. ಈಗ ಯಾರ ಹೆಸರು ಹೇಳ್ತಾನೋ ಅಂತ. ಹಂಗ ಹೆದರ್ಕೊಂತ ಬಾಳಾಕ ನನ್ನ ಕೈಲಿ ಆಗಲ್ಲ."

ಅವನು ಅವಳ ಚೀಲ ಎತ್ತಿ ಬಸ್ಸಿನ ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದ.

ರೋಜಾ ಕಿಟಕಿಯ ಪಕ್ಕ ಕೂತಳು. ಬಸ್ಸು ಹೊರಟಿತು. ಧೂಳಿನಲ್ಲಿ ಅವನು ಕೈ ಇಳಿಬಿಟ್ಟು ನಿಂತಿದ್ದ, ಎತ್ತುವ ಧೈರ್ಯ ಅವನಿಗಿರಲಿಲ್ಲ.

ಅವಳೇ ಎತ್ತಿದಳು.