ದಡ ಕಂಡಾಗ ನಿಲ್ಲುವ ಯಂತ್ರ

ಬಿರುಗಾಳಿ ಅಡಗಿತು. ಹರಿದ ಹಾಯಿಯನ್ನು ಸುತ್ತಿ ಕಟ್ಟಿ ಸಿಂಚನಾ ಚುಕ್ಕಾಣಿಯ ಬಳಿ ಬಂದು ನಿಂತಳು. ಹಗ್ಗ ಜಗ್ಗಿ ಜಗ್ಗಿ ಅಂಗೈ ಉರಿಯುತ್ತಿತ್ತು, ತುಟಿಯ ಮೇಲೆ ಉಪ್ಪು ಕೂತಿತ್ತು. ಅಷ್ಟು ಹೊತ್ತು ಕುಣಿದ ಕಡಲು ಈಗ ಮೇದು ಬಂದ ಎಮ್ಮೆಯ ಹಾಗೆ ಸುಮ್ಮನೆ ಮಲಗಿತ್ತು. ದೂರದಲ್ಲೊಂದು ಕಪ್ಪು ಗೆರೆ ಕಂಡಿತು. ನೋಡನೋಡುತ್ತ ಗೆರೆ ಹಸಿರಾಯಿತು, ಹಸಿರಿನ ಬುಡದಲ್ಲಿ ಮರಳು ಮಿನುಗಿತು. ದಡ! ಇನ್ನೇನು ಕೈಗೆ ಸಿಕ್ಕಿತು ಎನ್ನುವಷ್ಟರಲ್ಲಿ ಕಡಲು, ದೋಣಿ, ದಡ ಎಲ್ಲವೂ ದೀಪ ಆರಿದಂತೆ ಆರಿಹೋದವು. ಕತ್ತಲೆಯಲ್ಲಿ ಶಂಖದ ಗುರುತೊಂದು ಮೂಡಿ, ಸಕ್ಕರೆಯಂಥ ದನಿ ಹೇಳಿತು: "ನಮಸ್ಕಾರ. ನಿಮ್ಮ ಮನೋಯಂತ್ರ ಹೊಸದಾಗಿ ಆರಂಭವಾಗುತ್ತಿದೆ."

"ನಿನ್ನ ಬಾಯಿಗಿಷ್ಟು ಮಣ್ಣು ಹಾಕ" ಎಂದು ಸಿಂಚನಾ ಹಣೆಪಟ್ಟಿಯನ್ನು ಕಿತ್ತು ಮಡಿಲಿಗೆ ಎಸೆದುಕೊಂಡಳು.

ತುಮಕೂರಿನ ಹದಿನೆಂಟನೆಯ ಮಹಡಿಯ ಆ ಮನೆಗೆ ಮನೋಯಂತ್ರ ಬಂದು ಬೇಸಿಗೆಯೊಂದು ಕಳೆದಿತ್ತು. ಹಿಂದಿನ ಕಾಲದ ಕಂಪ್ಯೂಟರ್ ಆಟಗಳಲ್ಲಿ ಲೋಕವನ್ನು ಮೊದಲೇ ಚಿತ್ರಿಸಿ ಇಡುತ್ತಿದ್ದರಂತೆ. ಮನೋಯಂತ್ರ ಹಾಗಲ್ಲ. ಹಣೆಗೆ ಕಟ್ಟಿದ ಪಟ್ಟಿ ಆಟಗಾರರ ಮನಸ್ಸಿನಲ್ಲಿ ಆ ಕ್ಷಣಕ್ಕೆ ಏನೇನಿದೆಯೋ ಎಲ್ಲವನ್ನೂ ಓದುತ್ತದೆ. ಪೆಟ್ಟಿಗೆಯೊಳಗಿನ ಚಿಂತಾಗಣಕವೆಂಬ ಭಾಗ ಅದನ್ನು ಆಟದ ಲೋಕದೊಳಗೆ ಹದವಾಗಿ ಬೆರೆಸಿ, ಅದೇ ಪಟ್ಟಿಯ ಮೂಲಕ ಮನಸ್ಸಿಗೆ ಹಿಂದಿರುಗಿಸುತ್ತದೆ. ಆದ್ದರಿಂದ ಗಾಳಿ ಗಾಳಿಯಂತೆಯೇ ಬೀಸುತ್ತದೆ, ಉಪ್ಪು ಉಪ್ಪಾಗಿಯೇ ಇರುತ್ತದೆ.

ಯಂತ್ರವನ್ನು ತಂದವನು ಗಂಡ ಉಲ್ಲಾಸ್, ನಿವೃತ್ತಿಯ ಸಂಭ್ರಮಕ್ಕೆ. ಜೊತೆಗೆ ಎರಡು ಹಣೆಪಟ್ಟಿ ಬಂದಿದ್ದವು. ಅವನು ಆಡುತ್ತಿದ್ದುದು 'ಧ್ಯಾನಸರೋವರ'. ಅದರಲ್ಲಿ ಮಾಡಬೇಕಾದದ್ದೇನೂ ಇಲ್ಲ. ಸರೋವರದ ದಂಡೆಯಲ್ಲಿ ಕೂತಿರಬೇಕು, ಯೋಚನೆ ಬಂದರೆ ನೀರು ಕದಡುತ್ತದೆ, ಬರದಿದ್ದರೆ ಅಂಕ ಏರುತ್ತದೆ. ಇಡೀ ವಸತಿ ಸಮುಚ್ಚಯದಲ್ಲಿ ಅವನದೇ ಮೊದಲ ಸ್ಥಾನ. ಭಾನುವಾರ ನಿವಾಸಿಗಳ ಸಂಘದ ಸಭಾಂಗಣದಲ್ಲಿ 'ಮನಸ್ಸನ್ನು ಖಾಲಿ ಮಾಡುವ ಕಲೆ' ಎಂದು ಭಾಷಣ ಬೇರೆ ಮಾಡುತ್ತಿದ್ದ. ಮೊದಲೇ ಖಾಲಿ ಇದ್ದುದನ್ನು ಮತ್ತೆ ಖಾಲಿ ಮಾಡುವುದು ಯಾವ ಕಲೆ ಎಂದು ಸಿಂಚನಾಗೆ ಅನ್ನಿಸುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಹೇಳದೆ ಉಳಿಸಿಕೊಂಡ ಮಾತುಗಳೇ ಅವಳ ಸ್ವಂತ ಆಸ್ತಿ.

ಅವಳು ಆರಿಸಿಕೊಂಡದ್ದು 'ಏಳು ಕಡಲು'. ಮಧ್ಯಾಹ್ನ ಊಟವಾಗಿ, ಅತ್ತೆ ಸುಜಾತಮ್ಮ ಅಡ್ಡಾದ ಮೇಲೆ ಸಿಗುವ ಒಂದಿಷ್ಟು ಹೊತ್ತು ಅವಳದು. ಒಬ್ಬಳೇ ದೋಣಿ ನಡೆಸಿ ಬೆನ್ನುಬೆನ್ನಿಗೆ ಬರುವ ಏಳು ಬಿರುಗಾಳಿ ದಾಟಿದರೆ ಯಾರೂ ಇಲ್ಲದ ಒಂದು ದಡ. ಯಾರೂ ಇಲ್ಲದ ದಡ! ಆ ಮಾತನ್ನು ಓದಿಯೇ ಅವಳು ಪಟ್ಟಿ ಕಟ್ಟಿಕೊಂಡದ್ದು. ಬಿರುಗಾಳಿಗಳನ್ನು ದಾಟಿದ್ದೂ ಆಯಿತು. ದಡ ಕಣ್ಣಿಗೆ ಬಿದ್ದ ಕೂಡಲೇ ಯಂತ್ರ ನಿಂತು ಮತ್ತೆ ಮೊದಲಿನಿಂದ ಶುರುವಾಗುವುದು ಮಾತ್ರ ತಪ್ಪಲಿಲ್ಲ.

ದೂರು ಕೊಟ್ಟ ಮೇಲೆ ರಿಪೇರಿಯ ಪ್ರಣೀತ್ ಬಂದ. ಪೆಟ್ಟಿಗೆ ಬಿಚ್ಚಿ ಧೂಳು ಊದಿದ. ಶಾಖ ಹೀರುವ ಲೇಪವನ್ನು ಕೆರೆದು ಹೊಸದಾಗಿ ಹಚ್ಚಿದ. ಫ್ಯಾನ್ ತಿರುಗಿಸಿ ನೋಡಿದ. ಮೆಮೊರಿ ಪಟ್ಟಿಗಳನ್ನು ಕಿತ್ತು, ಒರೆಸಿ, ಕೂರಿಸಿದ. ಕರೆಂಟು ಕೊಡುವ ಡಬ್ಬಿಯನ್ನೇ ಬದಲಾಯಿಸಿದ. ಅಡುಗೆಮನೆಯ ಮಿಕ್ಸಿಯ ಮೇಲೂ ಸಂಶಯಪಟ್ಟು ಅದರ ಪ್ಲಗ್ ಎಳೆದಿಟ್ಟ. ಆಮೇಲೆ ತಾನೇ ಪಟ್ಟಿ ಕಟ್ಟಿಕೊಂಡು ಆಡಿದ; ಯಂತ್ರ ನಿಲ್ಲಲಿಲ್ಲ. ಉಲ್ಲಾಸ್ ಆಡಿದ, ಆಗಲೂ ನಿಲ್ಲಲಿಲ್ಲ.

"ಯಂತ್ರ ಕಲ್ಲು ಥರಾ ಇದೆ ಆಂಟಿ" ಎಂದ ಪ್ರಣೀತ್. "ನೀವೇ ಎಲ್ಲೋ ಏನೋ ಒತ್ತಿರ್ತೀರ."

"ಒತ್ತೋದಕ್ಕೆ ಇದರಲ್ಲಿ ಗುಂಡಿ ಎಲ್ಲಪ್ಪಾ ಇದೆ?"

ಅವನು ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಹಂಗಾದ್ರೆ ಏನೋ ಯೋಚ್ನೆ ಮಾಡಿರ್ತೀರ."

"ಓ! ಯೋಚನೆ ಮಾಡೋದು ತಪ್ಪಾ?"

"ತಪ್ಪು ಅಂತಲ್ಲ ಆಂಟಿ. ಬಳಕೆದಾರರ ದೋಷ ಅಂತ ಬರೀತೀವಿ ನಾವು. ಇನ್ನೊಂದು ಸಲ ದೂರು ಬಂದ್ರೆ ಕಂಪನಿಯವರು ನಿಮ್ಮ ಪಟ್ಟಿ ವಾಪಸ್ ತಗೊಂಡ್ಬಿಡ್ತಾರೆ. ಅಂಕಲ್‌ದು ಇರುತ್ತಲ್ಲ, ಅದೊಂದೇ ಸಾಕು ಮನೆಗೆ."

"ಸಾಕು ಬಿಡಪ್ಪ" ಎಂದ ಉಲ್ಲಾಸ್, ಸರೋವರದಷ್ಟೇ ಶಾಂತನಾಗಿ. "ಸಿಂಚು, ಈ ಸಾಹಸ ಗೀಹಸ ಎಲ್ಲ ನಿಂಗ್ಯಾಕೆ? ಏಕಾಗ್ರತೆ ಬೇಕಾಗುತ್ತೆ ಅದಕ್ಕೆ."

ಸಿಂಚನಾ ಅವನ ಮುಖವನ್ನು ನೋಡಿದಳು. ಈ ಮನುಷ್ಯನ ಬಿಳಿ ಶರಟಿನ ಮೂರನೆಯ ಗುಂಡಿ ಸಡಿಲವಾಗಿದೆ ಎಂಬುದು ಅವಳಿಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಏಕಾಗ್ರತೆಯಂತೆ.

ಅವಳು ಸುಮ್ಮನಾಗಲಿಲ್ಲ. ಯಂತ್ರವನ್ನು ರೂಪಿಸಿದ ಪ್ರಯೋಗಾಲಯಕ್ಕೇ ನೇರವಾಗಿ ಒಂದು ಮಾತು ಕಳಿಸಿದಳು: ಬಿರುಗಾಳಿಯಲ್ಲಿ ಒಮ್ಮೆಯೂ ನಿಲ್ಲದ ಯಂತ್ರ, ಕಡಲು ಶಾಂತವಾದಾಗಲೇ ಏಕೆ ನಿಲ್ಲುತ್ತದೆ?

ಈ ಪ್ರಶ್ನೆ ಅಲ್ಲಿದ್ದವರ ನಿದ್ದೆಗೆಡಿಸಿತು. ಅವರ ಲೆಕ್ಕದ ಪ್ರಕಾರ ಯಂತ್ರದ ಮೇಲೆ ಅತಿ ಹೆಚ್ಚು ಭಾರ ಬೀಳುವುದು ಬಿರುಗಾಳಿಯಲ್ಲಿ. ಶಾಂತ ಕಡಲೆಂದರೆ ಯಂತ್ರಕ್ಕೂ ವಿಶ್ರಾಂತಿಯೇ. ಆ ವಾರವೇ ಡಾಕ್ಟರ್ ಮನಸ್ವಿ ಎಂಬ ವಿಜ್ಞಾನಿ ಭಾರಮಾಪಕವನ್ನು ಹೊತ್ತುಕೊಂಡು ಬಂದಳು. ಚಿಂತಾಗಣಕವನ್ನು ಕಂಡುಹಿಡಿದ ತಂಡದಲ್ಲಿ ಅವಳೂ ಒಬ್ಬಳು. ಮೂವತ್ತೈದರ ಆಸುಪಾಸಿನವಳು, ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು.

"ನೀವು ಆಡ್ತಾ ಇರಿ. ನಾನು ಭಾರ ಅಳೀತಿರ್ತೀನಿ" ಎಂದಳು.

ಬಿರುಗಾಳಿ ಎದ್ದಿತು, ಮಾಪಕದ ಗೆರೆ ತಗ್ಗಿನಲ್ಲೇ ಸಾಗಿತು. ಕಡಲು ಶಾಂತವಾಯಿತು. ಗೆರೆ ಗೋಡೆಯಂತೆ ನೇರ ಮೇಲಕ್ಕೆ ಹೋಯಿತು. ಶಂಖ ಮೂಡಿತು, ಸಕ್ಕರೆ ದನಿ ನಮಸ್ಕಾರ ಹೇಳಿತು.

ಮನಸ್ವಿ ಮಾಪಕದ ಪರದೆಯನ್ನು ಸಿಂಚನಾಳ ಕಡೆ ತಿರುಗಿಸಿದಳು. "ದಡ ಕಂಡಾಗ ಏನು ಯೋಚನೆ ಮಾಡಿದ್ರಿ?"

"ಏನೂ ಇಲ್ಲ. ದಡ ಬಂತು ಅಂದ್ಕೊಂಡೆ, ಅಷ್ಟೇ."

"ಅಷ್ಟೇ ಅಲ್ಲ. ನೋಡಿ, ಯಂತ್ರ ಓದಿರೋದು ಇಲ್ಲಿದೆ." ಅವಳು ಓದತೊಡಗಿದಳು. "ಉದ್ದಿನಬೇಳೆ ನೆನೆಹಾಕಬೇಕು. ಅತ್ತೆಗೆ ನಾಲ್ಕು ಗಂಟೆಗೆ ಕಣ್ಣಿನ ಹನಿ. ಪಾತ್ರೆ ತೊಳೆಯುವ ಯಂತ್ರಕ್ಕೆ ಸೋಪು ಮುಗಿದಿದೆ. ಹೊಸಪೇಟೆಯಲ್ಲಿ ಮಗಳ ಸಂದರ್ಶನ ಮುಗಿದಿರಬಹುದು. ನಾನೇ ಕೇಳಿದರೆ ಸಿಡುಕುತ್ತಾಳೆ, ಕೇಳದಿದ್ದರೆ ಅಮ್ಮನಿಗೆ ನೆನಪೇ ಇಲ್ಲ ಅಂತಾಳೆ. ಮೈದುನನ ಮಗನ ನಾಮಕರಣಕ್ಕೆ ಏನು ಕೊಡುವುದು. ಹೆಪ್ಪು ಹಾಕಲು ಮೊಸರು ಎತ್ತಿಟ್ಟೆನೋ ಇಲ್ಲವೋ. ಉಲ್ಲಾಸನ ಬಿಳಿ ಶರಟಿನ ಗುಂಡಿ..." ಎಣಿಸಲು ಹೊರಟವಳು ಅರ್ಧದಲ್ಲೇ ಕೈಬಿಟ್ಟಳು. "ಇವೆಲ್ಲ ಒಂದೇ ಕ್ಷಣದಲ್ಲಿ!"

"ಇದನ್ನ ಯೋಚನೆ ಅಂತಾರಾ?" ಎಂದಳು ಸಿಂಚನಾ. ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ಉಸಿರಾಟವನ್ನು ಯಾರಾದರೂ ದುಡಿಮೆ ಎಂದು ಕರೆದಂತಿತ್ತು.

ಆ ಕಾಲದಲ್ಲಿ ಮನೆಯ ಒಂದೊಂದು ಕೆಲಸಕ್ಕೂ ಒಂದೊಂದು ಯಂತ್ರವಿತ್ತು. ರುಬ್ಬಲು, ಗುಡಿಸಲು, ಬಟ್ಟೆ ಮಡಿಸಲು, ಎಲ್ಲಕ್ಕೂ. ಹೆಂಗಸರಿಗೆ ಇನ್ನೇನು ಕೆಲಸ ಎಂದು ಗಂಡಸರು ಕೇಳುವುದು ಮಾತ್ರ ಹಿಂದಿನಂತೆಯೇ ಉಳಿದಿತ್ತು. ಯಾವ ಯಂತ್ರಕ್ಕೆ ಯಾವಾಗ ಏನು ಹಾಕಬೇಕೆಂದು ನೆನಪಿಟ್ಟುಕೊಳ್ಳುವ ಯಂತ್ರವನ್ನು ಯಾರೂ ಮಾಡಿರಲಿಲ್ಲ. ಅದು ಮೊದಲೇ ಮನೆಯಲ್ಲಿತ್ತಲ್ಲ.

"ಈಗ ಅರ್ಥ ಆಯ್ತು" ಎಂದಳು ಮನಸ್ವಿ. "ಬಿರುಗಾಳೀಲಿ ನಿಮ್ಮ ಮನಸ್ಸಲ್ಲಿ ಹಗ್ಗ ಒಂದೇ ಇರುತ್ತೆ. ಕಡಲು ಶಾಂತ ಆದ ತಕ್ಷಣ ಬಾಗಿಲ ಹೊರಗೆ ಕಾಯ್ತಿದ್ದೋರೆಲ್ಲ ಒಟ್ಟಿಗೆ ನುಗ್ತಾರೆ. ಚಿಂತಾಗಣಕ ಅಷ್ಟನ್ನೂ ಲೆಕ್ಕ ಹಾಕೋಕೆ ಹೋಗುತ್ತೆ, ಡಬ್ಬಿಯಿಂದ ಬರೋ ಕರೆಂಟು ಸಾಲಲ್ಲ. ಸುಟ್ಟುಹೋಗಬಾರದು ಅಂತ ಯಂತ್ರ ತಾನೇ ನಿಂತು ಮತ್ತೆ ಶುರುವಾಗುತ್ತೆ. ಆದ್ರೆ ನಾವು ಸಾವಿರ ಜನರ ಮೇಲೆ ಪರೀಕ್ಷೆ ಮಾಡಿದ್ವಿ. ಯಾರಿಗೂ ಹೀಗಾಗಿರಲಿಲ್ಲ."

"ಆ ಸಾವಿರದಲ್ಲಿ ಮನೆ ನಡೆಸೋ ಹೆಂಗಸರು ಎಷ್ಟು ಜನ ಇದ್ರು?"

"ಕರೆದಿದ್ವಿ" ಎಂದಳು ಮನಸ್ವಿ. "ಬಿಡುವಿಲ್ಲ ಅಂತ ಬರಲಿಲ್ಲ ಅವರು. ಆದ್ರೆ ನಾನೂ ಹೆಂಗಸೇ ಅಲ್ವಾ? ನಾನೇ ದಿನಗಟ್ಟಲೆ ಆಡಿದೀನಿ. ನಿಂತೇ ಇಲ್ಲ."

"ನಿಮ್ಮ ಮನೇಲಿ ಯಾರಿದಾರೆ ಡಾಕ್ಟರೇ?"

"ಅಮ್ಮ ಇದಾರೆ."

"ಹಾಗಾದ್ರೆ ನಿಲ್ಲಲ್ಲ ಬಿಡಿ."

ವಿಜ್ಞಾನಿ ತಲೆ ತಗ್ಗಿಸಿ ಮಾಪಕದ ತಂತಿಯನ್ನು ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

ಕರೆಂಟಿನ ದೊಡ್ಡ ಡಬ್ಬಿ ಹಾಕಬಹುದಿತ್ತು. ಅದಕ್ಕೆ ಬೇರೆಯದೇ ವಿದ್ಯುತ್ ಸಂಪರ್ಕ ಬೇಕು, ಸಂಘ ಒಪ್ಪುವುದಿಲ್ಲ. ಯೋಚನೆಗಳನ್ನು ಜರಡಿ ಹಿಡಿಯಬಹುದಿತ್ತು. ಜರಡಿ ಹಿಡಿದದ್ದನ್ನು ಸುರಿಯಲು ಒಂದು ಜಾಗ ಬೇಕು. ಉಳಿದದ್ದು ಭಾರ ಹಂಚಿಕೆ. ಒಂದು ಮನಸ್ಸಿನ ಹೆಚ್ಚುವರಿ ಭಾರವನ್ನು ಯಂತ್ರ ಲೆಕ್ಕ ಹಾಕಲು ಹೋಗದೆ, ಅದೇ ಯಂತ್ರಕ್ಕೆ ಜೋಡಿಸಿದ ಇನ್ನೊಂದು ಮನಸ್ಸಿನಲ್ಲಿ ಆಟ ಮುಗಿಯುವವರೆಗೆ ಇಡುವುದು. ಪಟ್ಟಿ ಓದುವುದಷ್ಟೇ ಅಲ್ಲ, ಬರೆಯುವುದೂ ಹೌದಲ್ಲ.

"ಆದ್ರೆ ಆ ಇನ್ನೊಂದು ಮನಸ್ಸಲ್ಲಿ ಜಾಗ ಇರಬೇಕು" ಎಂದಳು ಮನಸ್ವಿ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಉಲ್ಲಾಸ್ ಎದೆಯುಬ್ಬಿಸಿ ಒಳಗೆ ಬಂದ. "ನನ್ನದನ್ನ ಅಳೀರಿ ಮೇಡಂ. ತಿಂಗಳುಗಟ್ಟಲೆ ಸಾಧನೆ ಇದೆ."

ಅಳೆದಳು. ಗೆರೆ ಒರೆಸಿದ ನೆಲದಷ್ಟು ಚಪ್ಪಟೆಯಾಗಿತ್ತು.

"ಅಬ್ಬಾ! ಇಷ್ಟೊಂದು ಖಾಲಿ ಜಾಗ ನಾನು ಎಲ್ಲೂ ನೋಡಿರಲಿಲ್ಲ" ಎಂದಳು ಮನಸ್ವಿ.

ಉಲ್ಲಾಸ್ ಅದನ್ನು ಹೊಗಳಿಕೆಯೆಂದೇ ತಿಳಿದ. "ಕೇಳಿಸ್ಕೊಂಡ್ಯಾ ಸಿಂಚು? ಇರೋ ಬರೋದೆಲ್ಲ ಕಳ್ಸಿ ಮೇಡಂ. ಸಾಗರಕ್ಕೆ ನಾಲ್ಕು ಹನಿ ಬಿದ್ರೆ ಏನಾಗುತ್ತೆ?"

"ನಿಮಗೆ ಗೊತ್ತೂ ಆಗಲ್ಲ ಸರ್. ಖಾಲಿ ಕೋಣೇಲಿ ನೆಂಟರು ಮಲಗಿದ ಹಾಗೆ ಇರುತ್ತೆ."

ವಿಜ್ಞಾನಿಯ ಲೆಕ್ಕದಲ್ಲಿ ಒಂದೇ ತಪ್ಪಿತ್ತು. ಚಿಂತೆಯೆಂಬುದು ಇಟ್ಟಲ್ಲೇ ಬಿದ್ದಿರುವ ಅಕ್ಕಿಯ ಮೂಟೆಯಲ್ಲ. ಕಂಕುಳಿಗೇರಿದ ಕೂಸು ಅದು, ಯಾರು ಎತ್ತಿಕೊಂಡರೋ ಅವರ ಕಿವಿಯಲ್ಲೇ ಅಳುತ್ತದೆ.

ಮರುದಿನ ಮಧ್ಯಾಹ್ನ ಉಲ್ಲಾಸ್ ಹಜಾರದಲ್ಲಿ ಪಟ್ಟಿ ಕಟ್ಟಿಕೊಂಡು ಸರೋವರದ ದಂಡೆಯಲ್ಲಿ ಕೂತ. ಸಿಂಚನಾ ಕೋಣೆಯ ಬಾಗಿಲು ಮುಂದಕ್ಕೆ ಮಾಡಿಕೊಂಡು ಕಡಲಿಗಿಳಿದಳು. ಗಾಳಿ ಬಂತು, ಹೋಯಿತು. ದಡದ ಗೆರೆ ಕಂಡಿತು, ಹಸಿರಾಯಿತು. ಅವಳು ಹಲ್ಲು ಕಚ್ಚಿ ಶಂಖಕ್ಕಾಗಿ ಕಾದಳು. ಶಂಖ ಬರಲಿಲ್ಲ. ದೋಣಿಯ ತಳ ಮರಳಿಗೆ ಸರಕ್ಕೆಂದು ತಾಗಿತು.

ಇಳಿದಳು. ತಣ್ಣನೆಯ ಮರಳು ಕಾಲ್ಬೆರಳ ಸಂದಿಗೆ ಹೊಕ್ಕಿತು. ಅಭ್ಯಾಸ ಬಲದಿಂದ ಮನಸ್ಸು ತಡಕಿತು: ಏನೋ ಬಿಟ್ಟುಬಂದಿದ್ದೇನೆ, ಏನದು? ಬಿದ್ದ ಹಲ್ಲಿನ ಜಾಗವನ್ನು ನಾಲಿಗೆ ಹುಡುಕುವಂತೆ ಹುಡುಕಿತು. ಏನೂ ಸಿಗಲಿಲ್ಲ. ಮೊದಲು ಹೆದರಿಕೆಯಾಯಿತು. ಆಮೇಲೆ, ಎಲ್ಲದರ ಅಡಿಯಲ್ಲಿ ಹೂತುಹೋಗಿದ್ದ ಒಂದು ನೆನಪು ತಾನಾಗಿ ಮೇಲೆದ್ದಿತು. ಚಿಕ್ಕವಳಿದ್ದಾಗ ಅವಳಿಗೆ ಸಿಳ್ಳೆ ಹಾಕಲು ಬರುತ್ತಿತ್ತು. ಬೀದಿಯ ಹುಡುಗರಿಗಿಂತ ಜೋರಾಗಿ. ಯಾವಾಗ ಬಿಟ್ಟಳು? ತುಟಿ ಮಡಿಸಿದಳು. ಮೊದಲ ಸಲ ಬರೀ ಗಾಳಿ ಬಂತು. ಮತ್ತೆ ಊದಿದಳು. ಸಿಳ್ಳೆ ದಡದುದ್ದಕ್ಕೂ ಓಡಿಹೋಯಿತು.

ಅಷ್ಟರಲ್ಲಿ ಹೊರಗಿನ ಲೋಕದಿಂದ ಅತ್ತೆಯ ಕೂಗು ತೂರಿಬಂತು. ಸಿಂಚನಾ ಆಟವನ್ನು ಮುಗಿಸದೆಯೇ ಪಟ್ಟಿ ಬಿಚ್ಚಿಟ್ಟು ಎದ್ದುಬಂದಳು.

"ನೋಡಮ್ಮಾ ಇವ್ನ ಅವತಾರ!" ಸುಜಾತಮ್ಮ ಕೆನ್ನೆಯ ಮೇಲೆ ಹರಿಯುತ್ತಿದ್ದ ಔಷಧವನ್ನು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದರು. "ಮೂರು ಸಲ ಹಾಕ್ದ ಕಣಮ್ಮ ಹನಿ! ಹಾಕ್ಬುಟ್ಟು ಹೋಗ್ತಾನೆ, ಹಾಕಿದ್ನೋ ಇಲ್ವೋ ಅಂತ ಮತ್ತೆ ಬರ್ತಾನೆ!"

ಅಡುಗೆಮನೆಯಲ್ಲಿ ಉಲ್ಲಾಸ್ ನಿಂತಿದ್ದ. ಹಣೆಯ ಮೇಲೆ ಪಟ್ಟಿ, ಪಟ್ಟಿಯ ಕೆಳಗೆ ಬೆವರು, ಒಂದು ಕೈಯಲ್ಲಿ ಉದ್ದಿನ ಡಬ್ಬಿ, ಇನ್ನೊಂದರಲ್ಲಿ ಸೂಜಿದಾರ. ಪಾತ್ರೆ ಯಂತ್ರದ ಬಾಯಿ ತೆರೆದಿತ್ತು, ಮೊಸರಿನ ಬಟ್ಟಲು ಕಟ್ಟೆಯ ತುದಿಯಲ್ಲಿತ್ತು. ಧ್ಯಾನಸರೋವರದ ಅಂಕಫಲಕದಲ್ಲಿ ಅವನ ಸ್ಥಾನ ಸಮುಚ್ಚಯದ ಕೊನೆಗಿಳಿದಿತ್ತು.

"ಸಿಂಚು, ನಂಗೇನೋ ಆಗಿದೆ ಕಣೇ. ಕೂತ್ಕೋತೀನಿ, ಎದ್ದೇಳ್ತೀನಿ. ಇಲ್ಲಿಗೆ ಬರ್ತೀನಿ, ಯಾಕೆ ಬಂದೆ ಅಂತ ಮರ್ತೋಗುತ್ತೆ. ವಾಪಸ್ ಹೋಗಿ ಕೂತ್ಕೋತೀನಿ, ಮತ್ತೆ ಮೊದಲಿಂದ ಶುರು! ಆ ಮೇಡಂಗೆ ಫೋನ್ ಮಾಡಿದೆ. ಯಂತ್ರದಲ್ಲಿ ಏನೂ ದೋಷ ಇಲ್ಲವಂತೆ."

"ನೀವೇ ಎಲ್ಲೋ ಏನೋ ಯೋಚನೆ ಮಾಡಿರ್ತೀರ" ಎಂದಳು ಸಿಂಚನಾ.

ಅವನು ಅವಳನ್ನು ನೋಡಿದ. ಬಹುಶಃ ಮೊದಲ ಸಲ ಸರಿಯಾಗಿ ನೋಡಿದ. ದನಿ ತಗ್ಗಿತು. "ನಿಂಗೆ... ದಿನಾ ಹಿಂಗೇನಾ?"

ಅವಳಿಗೆ ಒಂದು ಗಳಿಗೆ ಪಾಪ ಎನ್ನಿಸಿತು. ಆ ಪಟ್ಟಿಯನ್ನು ಬಿಚ್ಚಲೆಂದು ಕೈ ತಾನಾಗಿ ಅವನ ಹಣೆಯವರೆಗೆ ಹೋಯಿತು. ಅಲ್ಲೇ ನಿಂತಿತು. ಏನೋ ನೆನಪಾಗಿ ಅವಳು ನಾಲಿಗೆ ಕಚ್ಚಿಕೊಂಡಳು.

"ಅಯ್ಯೋ, ದೋಣಿ ಕಟ್ಟೋದು ಮರೆತು ಬಂದೆ ರೀ. ಕೊಚ್ಚಿಕೊಂಡು ಹೋಗಿಬಿಡುತ್ತೆ."

ಇಷ್ಟು ವರ್ಷಗಳಲ್ಲಿ, ಮರೆತದ್ದು ಅವಳ ಸ್ವಂತದ್ದೇ ಆಗಿದ್ದು ಇದೇ ಮೊದಲು. ಮೊಸರಿನ ಬಟ್ಟಲನ್ನು ಕಟ್ಟೆಯ ತುದಿಯಿಂದ ಒಳಕ್ಕೆ ತಳ್ಳಲೂ ಅವಳು ನಿಲ್ಲಲಿಲ್ಲ. ಕೋಣೆಗೆ ಹೋಗಿ ಈ ಸಲ ಬಾಗಿಲಿಗೆ ಚಿಲಕ ಹಾಕಿಕೊಂಡಳು. ಹಜಾರದಲ್ಲಿ ಉಲ್ಲಾಸ್ ಕುರ್ಚಿಯಲ್ಲಿ ಕೂತ ಸದ್ದಾಯಿತು. ಎದ್ದ ಸದ್ದಾಯಿತು. ಅಡುಗೆಮನೆಯಲ್ಲಿ ಬಟ್ಟಲು ಬಿದ್ದು ಒಡೆಯುವ ಹೊತ್ತಿಗೆ, ಒಳಗಿನಿಂದ ಸಿಳ್ಳೆ ಕೇಳಿಸುತ್ತಿತ್ತು.