ಪ್ಯಾಚಿನ ಆರನೆಯ ವರ್ಷನ್

ಜಯಮಾಲಾಳ ಸಿಟ್ಟು ನೆತ್ತಿಗೇರಿತು. ಮೂರನೆಯ ವರ್ಷನ್‌ನಲ್ಲೇ ಸರಿಹೋಗಿದ್ದ ತಪ್ಪು ಆರನೆಯದರಲ್ಲಿ ಮತ್ತೆ ಹಾಜರ್!

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ನಲ್ಲಿ ನೆಟ್ವರ್ಕಿನ ಯಾವ ಡೇಟಾ ಪ್ಯಾಕೆಟ್ ಮೊದಲು ಹೊರಡಬೇಕು, ಯಾವುದು ಕಾಯಬೇಕು ಎಂದು ತೀರ್ಮಾನಿಸುವ ಕೋಡ್ ಅದು. ಅದರಲ್ಲಿ ಎರಡು ಬಗ್ ಇದ್ದವು. ಎರರ್ ಬಂದಾಗ ಹಾಕಿದ ಲಾಕ್ ತೆಗೆಯದೆ ಹೊರಬೀಳುವುದು ಒಂದು. ಬೇರೆ ಯಾರೋ ಇನ್ನೂ ಓದುತ್ತಿರುವಾಗಲೇ ಮೆಮೊರಿಯನ್ನು ಫ್ರೀ ಮಾಡಿಬಿಡುವುದು ಇನ್ನೊಂದು. ಚಿಕಲಠಾಣಾ ಎಂಬ ಊರಿನ ರೌಟರ್ ಕಂಪನಿಯೊಂದರ ಸಂಗಮನಾಥ ಅವನ್ನು ಸರಿಪಡಿಸುವ ಪ್ಯಾಚ್ ಬರೆದು ಕಳಿಸುತ್ತಿದ್ದ. ನಾಸಿಕ್‌ನ ಮನೆಯಿಂದಲೇ ಕೆಲಸ ಮಾಡುವ ಜಯಮಾಲಾ ಮೇಲಿಂಗ್ ಲಿಸ್ಟಿನಲ್ಲಿ ಅದನ್ನು ರಿವ್ಯೂ ಮಾಡುತ್ತಿದ್ದಳು. ಅವಳು ಒಪ್ಪಿಗೆಯ ಸಾಲು ಬರೆದರೆ ಪ್ಯಾಚ್ ಒಳಕ್ಕೆ, ಮಾತುಕತೆಯೂ ಅಲ್ಲಿಗೆ ಮುಗಿದಂತೆ.

ಮೊದಲೆಲ್ಲ ಬರೀ ಇಂಗ್ಲಿಷ್. ಒಮ್ಮೆ ವಿಡಿಯೋ ಕಾಲ್‌ನಲ್ಲಿ ಅವನ ಹಿಂದಿನಿಂದ ತಾಯಿ ನಾಗಮ್ಮನ ದನಿ ಕೇಳಿತು: "ಸಂಗೂ, ರೊಟ್ಟಿ ಆರ್ಲತಾವ, ಬಾರೋ!" ಬೀದರ್ ಕಡೆಯವಳಾದ ಜಯಮಾಲಾ ಫಕ್ಕನೆ ನಕ್ಕಳು. ಅವನ ಕಿವಿ ಕೆಂಪಾದವು. ಅಂದಿನಿಂದ ಇಬ್ಬರ ನಡುವೆ ಕನ್ನಡವೇ ಆಯಿತು. ಆ ಕೆಂಪು ಕಿವಿಗಳನ್ನು ಮಾತ್ರ ಅವಳಿಗೆ ಮರೆಯಲಾಗಲಿಲ್ಲ.

ಇವತ್ತು ವಿಡಿಯೋ ಕಾಲ್ ಹಚ್ಚಿದವಳ ದನಿ ಗಡುಸಾಗಿತ್ತು.

"ಏನ್ರಿ ಇದು? ತೆಗೆದ ಲಾಕಿನ ಬಗ್ ಮತ್ತ ಹ್ಯಾಂಗ ಬಂತ್ರಿ?"

ಸಂಗಮನಾಥ ಕೀಬೋರ್ಡ್ ನೋಡಿದ, ಕಿಟಕಿ ನೋಡಿದ, ಕೊನೆಗೆ ಅವಳನ್ನು ನೋಡಿದ. "ಬೇಕಂತಲೇ ಬಿಟ್ಟೀನ್ರಿ."

"ಏನು?"

"ಎಲ್ಲಾ ಬರೋಬರ್ ಮಾಡಿ ಕಳಿಸಿದ್ರ ನೀವು ಹೂಂ ಅಂತೀರಿ. ಆಮ್ಯಾಲ ನಿಮ್ಮ ಜೋಡಿ ಮಾತಾಡ್ಲಕ್ಕ ನೆಪ ಎಲ್ಲಿಂದ ತರ್ಲಿ?"

ಅವಳಿಗೆ ಒಳಗೊಳಗೇ ಹಿಗ್ಗಾಯಿತು. ಆದರೂ ಸಿಟ್ಟು ಇಳಿಯಲಿಲ್ಲ.

"ನನ್ನ ಕಣ್ಣು ತಪ್ಪಿದ್ರ? ನನ್ನ ಹೆಸರಿನ ಮ್ಯಾಲ ಈ ಬಗ್ ಎಷ್ಟು ಮಷೀನಿಗಿ ಹೋಗ್ತಿತ್ತು, ಗೊತ್ತದನ್ರಿ? ಇಂಥಾದ್ರಾಗ ಆಟ ಆಡಬ್ಯಾಡ್ರಿ."

"ತಪ್ಪಾತ್ರಿ." ಅವನ ಮುಖ ಬಾಡಿತು. "ಈಗೇ ಸರಿ ಮಾಡ್ತೀನಿ."

ಕಾಲ್ ಕಟ್ ಮಾಡದೆಯೇ ಟೈಪ್ ಮಾಡಿದ. ಏಳನೆಯ ವರ್ಷನ್ ಬಂತು. ಈಗ ಲಾಕ್ ತಪ್ಪದೆ ತೆರೆಯುತ್ತಿತ್ತು. ಎಲ್ಲರೂ ಓದಿ ಮುಗಿಸಿದ ಮೇಲಷ್ಟೇ ಮೆಮೊರಿ ಫ್ರೀ ಆಗುತ್ತಿತ್ತು. ಎಷ್ಟು ಹುಡುಕಿದರೂ ಒಂದು ತಪ್ಪಿಲ್ಲ. ಜಯಮಾಲಾಳಿಗೆ ಅಳುವೇ ಬರುವಂತಾಯಿತು.

"ಒಂದು ಕೇಳ್ಲೇನ್ರಿ?" ಸಂಗಮನಾಥ ಮೆಲ್ಲಗೆ ಅಂದ. "ಐದನೇದೂ ಹಿಂಗೇ ಬರೋಬರ್ ಇತ್ತು. ಕೋಡಿನ ಕಾಮೆಂಟಿನಾಗ ಒಂದು ಫುಲ್‌ಸ್ಟಾಪ್ ಇಲ್ಲಂತ ಯಾಕ ವಾಪಸ್ ಕಳಿಸಿದ್ರಿ?"

ಈಗ ಕಿಟಕಿ ನೋಡುವ ಸರದಿ ಅವಳದು. ಕಳ್ಳತನ ಸಿಕ್ಕಿಬಿದ್ದಿತ್ತು.

"ನಗಬ್ಯಾಡ್ರಿ," ಎಂದಳು, ತಾನೇ ನಗುತ್ತ.

"ನನಗ ನೀವಂದ್ರ ಭಾಳ ಇಷ್ಟರಿ," ಅವನೆಂದ. "ಈ ಸಲ ನೆಪ ಇಲ್ದೇ ಹೇಳ್ಲತೀನಿ."

ಅವಳು ಏಳನೆಯ ವರ್ಷನ್ನಿಗೆ ಒಪ್ಪಿಗೆಯ ಸಾಲು ಬರೆದು, ತನ್ನ ಹೆಸರು ಹಾಕಿ, ಸೆಂಡ್ ಒತ್ತಿಬಿಟ್ಟಳು.

ಅವನ ಇನ್‌ಬಾಕ್ಸಿಗೂ ಅದು ಬಂತು. ಓದಿದ. "ಮುಗೀತಲ್ರಿ ಹಂಗಾದ್ರ," ಎಂದವನ ದನಿ ಬಿದ್ದುಹೋಗಿತ್ತು.

"ಪ್ಯಾಚಿಂದು ಮುಗೀತ್ರಿ." ಜಯಮಾಲಾ ತಲೆಯೆತ್ತಿದಳು. "ನಿಮ್ಮ ಅವ್ವಾರಿಗಿ ಹೇಳ್ರಿ, ಐತವಾರ ನಾಸಿಕದಿಂದ ನಾನು ಬರ್ಲತೀನಿ. ರೊಟ್ಟಿ ಆರ್ಲಕ್ಕ ಬಿಡಬ್ಯಾಡ್ರಿ ಅಂತ."

ಅವನ ಎರಡೂ ಕಿವಿ ಕೆಂಪಾದವು.